ಹರಿಹರದಿಂದ ದಾವಣಗೆರೆಗೆ, ವಯಾ ಇಂಗ್ಲೆಂಡ್

ಮನೆಯಲ್ಲಿ ಟೆಲಿಫೋನು ಇಲ್ಲದಿದ್ದಾಗ ಒಂಟಿಯಾಗಿರುವುದು ಸುಲಭ. ಯಾರೂ ಮಾತಾಡಿಸದಿದ್ದರೆ, ಪಾಪ, ಅವರಿಗೆ ಆಸೆಯೇನೋ ಇದೆ, ನನ್ನ ಹತ್ತಿರ ಫೋನಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಬಹಳ ವರ್ಷ ನಾನು ಹಾಗೇ ನೆಮ್ಮದಿಯಾಗಿದ್ದೆ. ಆಮೇಲೊಂದು ದಿನ ಫೋನಿಗೆ ಅರ್ಜಿ ಹಾಕಿದವರ ಸಾಲಿನಲ್ಲಿ ನನ್ನ ಸರದಿ ಬಂದು, ದಾವಣಗೆರೆಯ ಎಸ್.ಎಸ್. ಬಡಾವಣೆಯ ನನ್ನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕೆಂಪು ಫೋನೊಂದು ಬಂದು ಕೂತಿತು. ಅದಕ್ಕೊಂದು ಉಲ್ಲನ್ ಮುಸುಕು ಹೆಣೆದೆ. ಪರಿಚಯದವರಿಗೆಲ್ಲ ನಂಬರು ಕೊಟ್ಟೆ. ಫೋನು ಬರತೊಡಗಿತು ಕೂಡ, ಆದರೆ ಬಂದದ್ದೆಲ್ಲ ಯಾವುದೋ ಹಿಟ್ಟಿನ ಗಿರಣಿಗೆ. "ನಮ್ ಜ್ವಾಳ ಬೀಸಿದ್ದಾತೇನ್ರಿ?" ಎಂದು ಕೇಳುತ್ತಿದ್ದರು. ಮೊದಮೊದಲು ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಿದ್ದೆ. ಬರುಬರುತ್ತ, ಇನ್ನೂ ಆಗಿಲ್ಲ, ಕರೆಂಟಿರಲಿಲ್ಲ, ಸಂಜೆ ಬನ್ನಿ ಎಂದು ಹೇಳುವಷ್ಟು ಸಲಿಗೆ ಬೆಳೆಯಿತು.

ಆಗ ನನಗೆ ನಲವತ್ತು ದಾಟಿತ್ತು. ಹರಿಹರದ ಒಂದು ಕಾರ್ಖಾನೆಯಲ್ಲಿ ಸ್ಟೆನೋಗ್ರಾಫರ್ ಆಗಿದ್ದೆ. ಬೆಳಿಗ್ಗೆ ಕಂಪನಿಯ ಬಸ್ಸಿನಲ್ಲಿ ಹೋಗುವುದು, ಸಂಜೆ ಅದೇ ಬಸ್ಸಿನಲ್ಲಿ ಅದೇ ಸೀಟಿನಲ್ಲಿ ಬರುವುದು. ಮದುವೆ ಯಾಕಾಗಲಿಲ್ಲ ಎನ್ನುವುದು ದೊಡ್ಡ ಕಥೆಯೇನಲ್ಲ. ತಂಗಿಯರದ್ದೆಲ್ಲ ಮುಗಿಯುವ ಹೊತ್ತಿಗೆ ನನ್ನದನ್ನು ವಿಚಾರಿಸುವವರ ಉತ್ಸಾಹವೂ ಮುಗಿದಿತ್ತು. ಇಪ್ಪತ್ತು ವರ್ಷ ಇಂಗ್ಲಿಷ್ ಪತ್ರ ಟೈಪು ಮಾಡಿದ್ದೆನೇ ಹೊರತು ಆ ಭಾಷೆಯಲ್ಲಿ ಬಾಯಿ ಬಿಟ್ಟವಳಲ್ಲ. ನನ್ನ ಇಂಗ್ಲಿಷೆಲ್ಲ ಬೆರಳ ತುದಿಯಲ್ಲಿತ್ತು, ನಾಲಿಗೆಗೆ ಬಂದಿರಲಿಲ್ಲ.

ಇಂಥ ನನ್ನನ್ನು ಮ್ಯಾನೇಜರು ಒಂದು ದಿನ ಕರೆದು, ಇಂಗ್ಲೆಂಡಿನಿಂದ ಹೊಸ ಯಂತ್ರ ಕೂರಿಸಲು ಇಂಜಿನಿಯರ್ ಬರುತ್ತಿದ್ದಾರೆ, ಹೆಂಗಸು, ಹೆಂಗಸಿಗೆ ಹೆಂಗಸೇ ಜೊತೆಯಿದ್ದರೆ ಚೆನ್ನ, ನೀವು ನೋಡಿಕೊಳ್ಳಿ ಎಂದರು. ಬಂದವರ ಹೆಸರು ಹೆಲೆನ್. ಐವತ್ತರ ಆಸುಪಾಸು, ನನ್ನ ತಲೆ ಅವರ ಭುಜಕ್ಕೆ ಬರುತ್ತಿತ್ತು. ಅವರನ್ನು ಎದುರುಗೊಂಡಾಗ ನನ್ನ ಬಾಯಿಂದ ಬಂದ ಮೊದಲ ಮಾತು, ನಿಮ್ಮ ಆಗಮನವನ್ನು ಸ್ವೀಕರಿಸಿದ್ದೇವೆಂದು ತಿಳಿಸಲು ಹರ್ಷಿಸುತ್ತೇನೆ ಎಂಬರ್ಥದ ಇಂಗ್ಲಿಷ್ ವಾಕ್ಯ. ಮಧ್ಯಾಹ್ನ ಊಟದ ಡಬ್ಬಿ ಮುಂದಿಟ್ಟು "ಪ್ಲೀಸ್ ಫೈಂಡ್ ಎನ್‌ಕ್ಲೋಸ್ಡ್" ಅಂದೆ. ಹೆಲೆನ್ ನಗಲಿಲ್ಲ. ಡಬ್ಬಿ ತೆರೆದು ನೋಡಿ, ಸರಿಯಾಗಿ ತಲುಪಿದೆ ಎಂದು ಅಷ್ಟೇ ಗಂಭೀರವಾಗಿ ಉತ್ತರ ಕೊಟ್ಟರು. ಅವತ್ತೇ ಈ ಹೆಂಗಸು ನನಗೆ ಹಿಡಿಸಿಬಿಟ್ಟರು.

ಹೆಲೆನ್ ಕೈಯಲ್ಲಿ ಒಂದು ಮೊಬೈಲ್ ಫೋನಿತ್ತು. ನಮ್ಮ ಕಡೆ ಆಗಿನ್ನೂ ಮೊಬೈಲು ಕಾಲಿಡುತ್ತಿದ್ದ ಕಾಲ. ಒಂದಿಬ್ಬರು ಅಕ್ಕಿ ಮಿಲ್ಲಿನ ಯಜಮಾನರು ಅಂಗಿಯ ಜೇಬಿನಿಂದ ಅದರ ಆಂಟೆನಾ ಕಡ್ಡಿ ಇಣುಕುವಂತೆ ಇಟ್ಟುಕೊಂಡು ಓಡಾಡುತ್ತಿದ್ದರು. ದಿನವೂ ಗಂಡನ ಹತ್ತಿರ ಮಾತಾಡುತ್ತೇನೆ ಎಂದು ಹೇಳಿ ಹೆಲೆನ್ ಬಂದಿದ್ದರು. ಇಲ್ಲಿ ನೋಡಿದರೆ ಅವರ ಫೋನ್ ಕಂಪನಿಗೂ ನಮ್ಮೂರಿನ ಮೊಬೈಲ್ ಗೋಪುರಗಳಿಗೂ ಪರಿಚಯವೇ ಇಲ್ಲ. ಫೋನು ಬರೀ ಗಡಿಯಾರವಾಗಿಬಿಟ್ಟಿತ್ತು, ಅದೂ ಇಂಗ್ಲೆಂಡಿನ ಹೊತ್ತು ತೋರಿಸುತ್ತಿತ್ತು. ಒಂದು ಭಾನುವಾರ ಕೊಂಡಜ್ಜಿಯ ಕೆರೆ ನೋಡಲು ಕರೆದುಕೊಂಡು ಹೋದರೆ, ಅವರು ಕೆರೆ ನೋಡಿದ್ದು ಕಡಿಮೆ, ಏರಿಯ ಮೇಲೆ ನಿಂತು ಫೋನನ್ನು ಆಕಾಶಕ್ಕೆ ಹಿಡಿದದ್ದೇ ಹೆಚ್ಚು. ಎಮ್ಮೆ ತೊಳೆಯುತ್ತಿದ್ದ ಅಜ್ಜನೊಬ್ಬ, ಈಯಮ್ಮ ಫೋಟೋ ತೆಗೀತಾರೇನು ಎಂದು ಕೇಳಿ ತಲೆಗೂದಲು ಸರಿಮಾಡಿಕೊಂಡ.

ಇಲ್ಲಿಯದೇ ಸಿಮ್ ಕಾರ್ಡು ಹಾಕಿದರೆ ಆಯಿತು ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ದಾವಣಗೆರೆಯ ಪೇಟೆಯಲ್ಲಿ ಅನ್ವರ್ ಸಾಬರು ಎಂಬವರು ಕೈಗಡಿಯಾರದ ಅಂಗಡಿಯಲ್ಲೇ ಮೊಬೈಲಿನ ಕಾರ್ಡು ಮಾರಲು ಶುರು ಮಾಡಿದ್ದರು. ಅಲ್ಲಿಗೆ ಹೋದೆವು. ಸ್ಥಳೀಯ ವಿಳಾಸ ಬೇಕೆಂದು ಕಾರ್ಡು ನನ್ನ ಹೆಸರಿನಲ್ಲಿ ಆಯಿತು. ಸಾಬರು ಕಾರ್ಡನ್ನು ಫೋನಿನೊಳಗೆ ಕೂರಿಸಿದರು. ಫೋನು ಒಂದು ಕ್ಷಣ ಯೋಚಿಸಿ, ಈ ಕಾರ್ಡು ತನಗೆ ಒಪ್ಪಿಗೆಯಿಲ್ಲ ಎಂದು ಬರೆದು ತೋರಿಸಿತು. ಸಾಬರು ಕಾರ್ಡನ್ನು ಅಂಗಿಗೆ ಉಜ್ಜಿ ಮತ್ತೆ ಹಾಕಿದರು, ಊದಿ ಹಾಕಿದರು. ಅದು ಜಪ್ಪಯ್ಯ ಅನ್ನಲಿಲ್ಲ.

"ಸೆಟ್ ಖರಾಬ್ ಆಗಿಲ್ರಿ ಮೇಡಂ," ಅಂದರು ಸಾಬರು. "ಇವ್ರ ಕಂಪ್ನಿ ಲಾಕ್ ಹಾಕೈತೆ. ಅವ್ರ ಕಾರ್ಡ್ ಬಿಟ್ಟು ಬ್ಯಾರೆದ್ದು ಒಳಗ ಸೇರ್ಸಲ್ಲ. ತಗಿಯಾಕ ಒಂದ್ ನಂಬರ್ ಐತಂತೆ, ಅದು ಅವ್ರತ್ರಾನೇ ಇರತ್ತೆ."

ನಾನು ಹೆಲೆನ್ ಕಡೆ ತಿರುಗಿ, ಇತರ ಯಾವುದೇ ಕಾರ್ಡನ್ನು ಪುರಸ್ಕರಿಸುವ ಸ್ಥಿತಿಯಲ್ಲಿ ಈ ಫೋನು ಇಲ್ಲವೆಂದು ವಿಷಾದಿಸುತ್ತೇನೆ ಎಂದು ಇಂಗ್ಲಿಷಿನಲ್ಲಿ ತಿಳಿಸಿದೆ. ಅಷ್ಟು ಎತ್ತರದ ಹೆಂಗಸಿನ ಮುಖ ಅಷ್ಟು ಚಿಕ್ಕದಾದದ್ದನ್ನು ನೋಡಿ ನನಗೆ ಹೇಗೋ ಆಯಿತು. ಬೀಗ ತೆಗೆಸಲು ಆ ಕಂಪನಿಗೆ ಫ್ಯಾಕ್ಸ್ ಕಳಿಸಿದೆವು. ನನ್ನ ನೌಕರಿಯಲ್ಲೇ ಅಷ್ಟು ಚಂದದ ಒಕ್ಕಣೆ ನಾನು ಟೈಪು ಮಾಡಿರಲಿಲ್ಲ. ಉತ್ತರವೂ ಬಂತು: ದಯವಿಟ್ಟು ತಮ್ಮ ಮೊಬೈಲಿನಿಂದಲೇ ನಮಗೆ ಫೋನು ಮಾಡಿ ವಿನಂತಿಸಿಕೊಳ್ಳಿ. ಅದನ್ನು ಓದಿ ಹೆಲೆನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೊನೆಯ ಸ್ವಲ್ಪ ನೀರು ನಗುವಿನದಲ್ಲ ಅನ್ನಿಸಿ ನಾನು ಕಿಟಕಿಯಾಚೆ ನೋಡಿದೆ.

ಹೆಲೆನ್ ಇಳಿದುಕೊಂಡಿದ್ದ ಹರಿಹರದ ಗೆಸ್ಟ್ ಹೌಸಿನ ಫೋನು ಸಂಜೆ ಆಪರೇಟರು ಮನೆಗೆ ಹೋದಕೂಡಲೇ ಮಲಗಿಬಿಡುತ್ತಿತ್ತು. ಬಸ್‌ಸ್ಟ್ಯಾಂಡಿನ ಟೆಲಿಫೋನ್ ಬೂತಿಗೆ ಹೋದರೆ ಗಾಜಿಗೆ ಮೂಗು ಒತ್ತಿಕೊಂಡು ಅರ್ಧ ಹರಿಹರ ನಿಲ್ಲುತ್ತಿತ್ತು. ಕೊನೆಗೆ ನಾನೇ, ನಮ್ಮ ಮನೆಯ ನಂಬರಿಗೆ ನಿಮ್ಮ ಗಂಡನೇ ಫೋನು ಮಾಡಲಿ ಅಂದೆ. ಅವತ್ತಿನಿಂದ ಸಂಜೆ ಕಂಪನಿಯ ಬಸ್ಸಿನಲ್ಲಿ ಹೆಲೆನ್ ನನ್ನ ಪಕ್ಕ ಕೂತು ದಾವಣಗೆರೆಗೆ ಬರತೊಡಗಿದರು. ಫೋನು ಬಂದು, ಮಾತು ಮುಗಿದು, ಊಟವಾದ ಮೇಲೆ ಜೀಪು ಬಂದು ಕರೆದೊಯ್ಯುತ್ತಿತ್ತು. ಅವರಿಗೆ ಜೋಳದ ರೊಟ್ಟಿ ಸೇರಿತು. ಮಂಡಕ್ಕಿ ಕೊಟ್ಟರೆ, ನಮ್ಮೂರಿನಲ್ಲಿ ಹೀಗೆ ಎಂದು ಬಟ್ಟಲಿಗೆ ಸುರಿದು ಹಾಲು ಸಕ್ಕರೆ ಹಾಕಿ ಚಮಚದಲ್ಲಿ ತಿಂದರು. ದಾವಣಗೆರೆಯಲ್ಲಿ ಹುಟ್ಟಿ ಬೆಳೆದವಳು ನಾನು, ಮಂಡಕ್ಕಿಗೆ ಇಂಥ ಗತಿ ಬರಬಹುದೆಂದು ಕನಸಿನಲ್ಲೂ ನೆನೆಸಿರಲಿಲ್ಲ. ಸುಮ್ಮನೆ ರುಚಿ ನೋಡಿದೆ. ಚೆನ್ನಾಗಿತ್ತು. ಅದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಅವರ ಗಂಡ ಪೀಟರ್, ನಿವೃತ್ತ ಮೇಷ್ಟ್ರು. ಹೆಲೆನ್ ಕೈಕಾಲು ತೊಳೆಯುತ್ತಿದ್ದರೆ ಫೋನು ನಾನೇ ಎತ್ತಬೇಕಾಗುತ್ತಿತ್ತು. ಅವರು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, ಹೇಗಿದ್ದೀರಿ, ಇವತ್ತು ಏನು ಅಡುಗೆ ಎಂದು ಕೇಳುತ್ತಿದ್ದರು. ಬದನೆಕಾಯಿ ಎಣ್ಣೆಗಾಯಿಯನ್ನು ಇಂಗ್ಲಿಷಿನಲ್ಲಿ ವಿವರಿಸಲು ನಾನು ಒದ್ದಾಡುತ್ತಿದ್ದೆ. ನಮ್ಮ ಮನೆಯಲ್ಲಿ ಏನು ಅಡುಗೆ ಎಂದು ಯಾರಾದರೂ ಕೇಳಿ ಎಷ್ಟೋ ಕಾಲವಾಗಿತ್ತು. ಏಳು ಗಂಟೆಯಾಗುತ್ತಲೇ ನನ್ನ ಕಿವಿ ಫೋನಿನ ಕಡೆ ತಿರುಗಿರುತ್ತಿತ್ತು. ಹಿಟ್ಟಿನ ಗಿರಣಿಯವರು ಆ ಹೊತ್ತಿಗೆ ಅಡ್ಡ ಬಂದರೆ, ಗಿರಣಿ ಮುಚ್ಚಿದೆ ಎಂದು ಗದರಿಬಿಡುತ್ತಿದ್ದೆ.

ಒಂದು ಸಂಜೆ ಹೆಲೆನ್ ಮಾಳಿಗೆಯ ಮೇಲೆ ಒಣಹಾಕಿದ್ದ ನನ್ನ ಬಟ್ಟೆ ತೆಗೆಯುತ್ತಿದ್ದಾಗ ಪೀಟರ್ ಫೋನು ಬಂತು. ಅವರೇ ಆ ಕಂಪನಿಯ ಅಂಗಡಿಗೆ ಹೋಗಿ, ಕಾದು, ಜಗಳವಾಡಿ ಬೀಗದ ನಂಬರು ತಂದಿದ್ದರು. ಬರೆದುಕೊಳ್ಳಿ ಅಂದರು. ಬರೆದುಕೊಂಡೆ. ಒಂದು ಅಂಕಿ ತಪ್ಪಾದರೆ ಏನಾದೀತು ಎಂಬ ಯೋಚನೆ ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಸ್ಟೆನೋಗ್ರಾಫರಳ ಕೈ ತನ್ನ ಯಜಮಾನಿಯ ಮಾತು ಕೇಳುವುದಿಲ್ಲ. ಅಷ್ಟನ್ನೂ ಸರಿಯಾಗಿ ಬರೆದು, ಕೆಳಗೊಂದು ಗೆರೆಯನ್ನೂ ಎಳೆಯಿತು. ಹೆಲೆನ್ ಬಟ್ಟೆಯ ರಾಶಿ ಹೊತ್ತುಕೊಂಡೇ ಮೊಬೈಲಿನಲ್ಲಿ ಆ ನಂಬರು ಒತ್ತಿದರು. ಫೋನು ಮರುಮಾತಿಲ್ಲದೆ ನಮ್ಮೂರಿನ ಕಾರ್ಡನ್ನು ಒಪ್ಪಿಕೊಂಡಿತು. ಅವರು ನನ್ನನ್ನು ತಬ್ಬಿಕೊಂಡರು, ಮಧ್ಯದಲ್ಲಿ ನನ್ನದೇ ಒಣಗಿದ ಸೀರೆಗಳು.

ಮರುದಿನದಿಂದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ. ಹೆಲೆನ್ ಗೆಸ್ಟ್ ಹೌಸಿನ ಜಗಲಿಯಲ್ಲಿ ಕೂತು ಹಾಯಾಗಿ ಮಾತಾಡುತ್ತಾರೆ ಎಂದು ಜೀಪಿನ ಡ್ರೈವರ್ ಹೇಳಿದ. ಆಫೀಸಿನಲ್ಲಿ ಸಿಕ್ಕಾಗ ಇಬ್ಬರೂ ನಕ್ಕೆವು, ಯಂತ್ರದ ವಿಚಾರ ಮಾತಾಡಿದೆವು. ಊಟಕ್ಕೆ ಬನ್ನಿ ಎಂದು ಕರೆಯಲು ಬಾಯಿ ಬರಲಿಲ್ಲ. ಫೋನಿನ ಕೆಲಸ ಮುಗಿದ ಮೇಲೆ ಯಾವ ನೆಪದಲ್ಲಿ ಕರೆಯುವುದು? ಮನೆಯಲ್ಲಿ ಎರಡು ರೊಟ್ಟಿ ಬಡಿದು, ಒಂದನ್ನು ತಿಂದು, ಇನ್ನೊಂದನ್ನು ಬೆಳಿಗ್ಗೆಗೆ ಎತ್ತಿಡುತ್ತಿದ್ದೆ. ಏಳು ಗಂಟೆಗೆ ಫೋನೆತ್ತಿ, ಜೀವ ಇದೆಯೋ ಇಲ್ಲವೋ ಎಂದು ಕಿವಿಗೆ ಹಿಡಿದು ನೋಡುತ್ತಿದ್ದೆ. ಗೊಂಯ್ ಎನ್ನುತ್ತಿತ್ತು. ಇಟ್ಟುಬಿಡುತ್ತಿದ್ದೆ.

ಹಾಗೆ ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಫೋನು ಬಂತು. ಜೋಳ ಇನ್ನೂ ಬೀಸಿಲ್ಲ ಎಂದು ಹೇಳಲು ಬಾಯಿ ತೆರೆದಿದ್ದೆ, ಆ ಕಡೆಯಿಂದ ಪೀಟರ್ ದನಿ ಕೇಳಿತು. ಹೆಲೆನ್ ಇಲ್ಲಿಲ್ಲವಲ್ಲ ಅಂದೆ. ಗೊತ್ತು, ಈಗತಾನೇ ಮಾತಾಡಿದೆ ಅಂದರು. ಹೆಲೆನ್ ಮೂರು ದಿನದಿಂದ ಹೊಸ ಕಾರ್ಡಿನಲ್ಲಿ ನಿಮಗೆ ಮಾಡುತ್ತಲೇ ಇದ್ದಾಳೆ, ಪ್ರತಿ ಸಲವೂ ಯಾರೋ ಹೆಂಗಸು ಕನ್ನಡದಲ್ಲಿ ಏನೋ ಬುದ್ಧಿ ಹೇಳುತ್ತಾಳಂತೆ, ಆಫೀಸಿನಲ್ಲಿ ಎಲ್ಲರೆದುರು ಕೇಳಲು ಸಂಕೋಚವಂತೆ, ಅದಕ್ಕೆ ನಿಮ್ಮನ್ನು ಕೇಳಲು ನನಗೆ ಹೇಳಿದಳು: ಇವತ್ತು ರಾತ್ರಿ ಊಟಕ್ಕೆ ಬರಬಹುದೇ?

ಮೊಬೈಲಿನಿಂದ ಮಾಡುವಾಗ ನಮ್ಮ ಮನೆಯ ನಂಬರಿಗೆ ಮೊದಲು ದಾವಣಗೆರೆಯ ಕೋಡು ಸೇರಿಸಬೇಕು ಎಂದು ಹೆಲೆನ್‌ಗೆ ಹೇಳಲು ನಾನು ಮರೆತಿದ್ದೆ. ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬರುವ ಹರಿಹರದಿಂದ ನನ್ನ ಮನೆಗೆ, ಒಂದು ಊಟದ ಸುದ್ದಿ ಇಂಗ್ಲೆಂಡಿಗೆ ಹೋಗಿ ತಿರುಗಿ ಬಂದಿತ್ತು.

"ಬರ್ಲಿ ಬಿಡ್ರಿ, ಅದನ್ನೇನ್ ಕೇಳೋದು," ಅಂದುಬಿಟ್ಟೆ, ಕನ್ನಡದಲ್ಲೇ.

ಪೀಟರ್‌ಗೆ ಅರ್ಥವಾಗಲಿಲ್ಲ. ನಾನು ಇಂಗ್ಲಿಷ್ ವಾಕ್ಯ ಹುಡುಕಿದೆ. ಇಪ್ಪತ್ತು ವರ್ಷದ ಪತ್ರಗಳಲ್ಲಿ ಯಾರೂ ಯಾರನ್ನೂ ಊಟಕ್ಕೆ ಕರೆದಿರಲಿಲ್ಲ. "ಟೆಲ್ ಹರ್ ಕಮ್. ಡೈಲಿ ಕಮ್," ಅಂದೆ. ಹೆಲೆನ್ ಬಂದರು. ಫೋನಿನ ಕೆಲಸವಿಲ್ಲದೆ ಬರುವುದು ಹೇಗೆ ಅಂದುಕೊಂಡೆ ಎಂದು ಅವರು ಹೇಳಿದರು. ನಾನು ರೊಟ್ಟಿ ಬಡಿಯುತ್ತಿದ್ದುದರಿಂದ ಉತ್ತರ ಕೊಡುವುದು ತಪ್ಪಿತು.

ಯಂತ್ರ ಚೆನ್ನಾಗಿ ಓಡತೊಡಗಿದ ಮೇಲೆ ಹೆಲೆನ್ ಊರಿಗೆ ಹೋದರು. ಅವರು ಹೋದ ಮಾರನೆಯ ಸಂಜೆ ನಾನು ಬಾಗಿಲಲ್ಲಿ ಸುಮ್ಮನೆ ನಿಂತಿದ್ದೆ. ಪಕ್ಕದ ಮನೆಯ ಗಿರಿಜಮ್ಮ ಕಾಂಪೌಂಡಿನ ಆಚೆ ತುಳಸಿಗೆ ನೀರು ಹಾಕುತ್ತಿದ್ದರು. ಅವರ ಗಂಡನದು ಲಾರಿ ವ್ಯವಹಾರ, ಊರಲ್ಲಿರುವುದೇ ಅಪರೂಪ. ನಿಮ್ಮ ಇಂಗ್ಲೆಂಡಿನ ಅಕ್ಕ ಹೋದರೇನು ಎಂದು ಕೇಳಿದರು. ಹೋದರು ಅಂದೆ.

"ದಿನಾ ನೀವಿಬ್ರು ನಗೋದು ಕೇಳ್ತಿತ್ರಿ. ನಾನೂ ಬಂದು ಕೂಡ್ಬೇಕು ಅನ್ಕಂಡೆ. ಇಂಗ್ಲಿಷ್ ಬರಲ್ಲ ಅಂತ ಸುಮ್ನಾದೆ."

"ನನ್ನತ್ರ ಮಾತಾಡಾಕ ಇಂಗ್ಲಿಷ್ ಯಾಕ್ರಿ?"

"ಕನ್ನಡದಾಗಾದ್ರೂ ನೀವು ಯಾವತ್ತು ಕರದೀರಿ, ಹೇಳ್ರಿ," ಅಂದರು ಗಿರಿಜಮ್ಮ. ಸಿಟ್ಟೇನಿರಲಿಲ್ಲ, ಕೊಡದಲ್ಲಿ ಉಳಿದ ನೀರನ್ನು ಗಿಡಕ್ಕೆ ಸುರಿಯುತ್ತಲೇ ಹೇಳಿದರು.

ಗೋಡೆಗೆ ಗೋಡೆ ಅಂಟಿಕೊಂಡು ಎಷ್ಟೋ ವರ್ಷದಿಂದ ಇದ್ದೆವು. ಬರ್ರಿ ಒಳಗೆ ಅಂದೆ. ಅವರು ಕೊಡ ಅಲ್ಲೇ ಇಟ್ಟು, ಬಾಗಿಲಿಗೆ ಚಿಲಕ ಹಾಕಿ ಬಂದೇಬಿಟ್ಟರು. ಕುರ್ಚಿಯ ಮೇಲಿದ್ದ ಹಳೆಯ ಪೇಪರುಗಳನ್ನು ತಾವೇ ಎತ್ತಿ ಮಂಚದ ಮೇಲಿಟ್ಟು ಕೂತರು. ಮಗಳ ಸಂಬಂಧ, ಲಾರಿಯ ಟಯರು, ನಾದಿನಿಯ ಹರ್ನಿಯಾ ಎಲ್ಲ ಹೇಳಿದರು. ಕೇಳುತ್ತ ಕೇಳುತ್ತ ನನಗೂ ಎದೆ ಹಗುರಾಯಿತು. ಚಹಾ ಆಯಿತು, ಊಟವೂ ಆಯಿತು. ಊಟವಾದ ಮೇಲೆ ನಾದಿನಿಯ ಹರ್ನಿಯಾ ಮತ್ತೆ ಮೊದಲಿಂದ ಶುರುವಾಯಿತು. ನಾನು ಒಂದು ಸಲ ಆಕಳಿಸಿದೆ. ಇನ್ನೊಂದು ಸಲ ಆಕಳಿಸಿದೆ. ಗಿರಿಜಮ್ಮ ಕುರ್ಚಿಯಲ್ಲಿ ಕಾಲು ಮಡಿಚಿಕೊಂಡು ಇನ್ನಷ್ಟು ಸರಿಯಾಗಿ ಕೂತರು. ಮೂರನೆಯ ಆಕಳಿಕೆ ನಾನು ಬೇಕೆಂದೇ ತೆಗೆದದ್ದು.