ಗಾಳಿಸುದ್ದಿಯ ಬಂದೋಬಸ್ತು

ಮೇಲವಂಕಿಯ ಹಣಮವ್ವನ ಕುರಿಮರಿಗಳನ್ನು ಸುದ್ದಿ ಬಂದೋಬಸ್ತು ಕಚೇರಿಯವರು ಕೊಂದರು. ಕತ್ತಿ ಹಿಡಿಯಲಿಲ್ಲ, ಕಾಯಿದೆ ಹಿಡಿದರು. ಆದ್ದರಿಂದ ಇದು ಅಪರಾಧವಲ್ಲ, ಆಡಳಿತ.

ನಮ್ಮ ಸೀಮೆಗೆ ಬೇಸಿಗೆಯ ಬಿರುಗಾಳಿ ಪಡುವಣದಿಂದ ಬರುತ್ತದೆ. ರೇಡಿಯೋ ಹುಚ್ಚಿನ ಕೆಲವರು ಅದಕ್ಕಾಗಿ ಒಂದು ಸಂಘ ಕಟ್ಟಿದ್ದರು. ಹುಕ್ಕೇರಿಯ ಮುರಿಗೆಪ್ಪ ತನ್ನ ಮಾಳಿಗೆಯ ಮೇಲೆ ನಿಂತು ಮೋಡ ಕಾಯುತ್ತಿದ್ದ. ಅದು ಕಪ್ಪಾದರೆ ಯಂತ್ರದಲ್ಲಿ ಕಟಕಟ ಕುಟ್ಟಿ ಸುದ್ದಿ ಕಳಿಸುತ್ತಿದ್ದ. ಗೋಕಾಕದಲ್ಲಿ ಶಿದ್ರಾಮ ಅದನ್ನು ಕೇಳಿ ಡಂಗುರ ಹೊಡೆಸುತ್ತಿದ್ದ, ಮುಂದೆ ಮೂಡಲಗಿಗೂ ತಿಳಿಸುತ್ತಿದ್ದ. ಜನ ದನಕರು ಒಳಗೆ ಕಟ್ಟುತ್ತಿದ್ದರು. ಇದಕ್ಕೆ ಯಾರೂ ಪಗಾರ ಕೊಡುತ್ತಿರಲಿಲ್ಲ. ಪಗಾರವಿಲ್ಲದೆ ಕೆಲಸ ಮಾಡುವವರ ಮೇಲೆ ಸರಕಾರಕ್ಕೆ ಸಂಶಯ ಬರುವುದು ಸಹಜ.

ಸಂಘದ ತಪ್ಪು ಒಂದೇ. ಗೋಕಾಕದ ತಮ್ಮ ಕೋಣೆಯ ಬಾಗಿಲಿಗೆ ಹಲಗೆ ಬರೆಸಿ ತೂಗುಹಾಕಿದರು: “ಇಲ್ಲಿ ಗಾಳಿಸುದ್ದಿ ಪುಕ್ಕಟೆ ಸಿಗುತ್ತದೆ.”

ಆ ವರ್ಷ ಸರಕಾರದ ವಿರುದ್ಧ ಚಳವಳಿ ಜೋರಾಗಿತ್ತು. ಗಾಳಿಸುದ್ದಿ ಹಬ್ಬಿಸಿದವರಿಗೆ ಜೇಲು ಎಂದು ಹುಕುಂ ಹೊರಟಿತು. ಕಚೇರಿಯ ರಾವಸಾಹೇಬರು ಶಿದ್ರಾಮನನ್ನು ಕರೆಸಿದರು.

“ಗಾಳಿಸುದ್ದಿ ಹಬ್ಬಸ್ತೀಯೇನು?”

“ಹೌದ್ರಿ ಸಾಹೇಬ್ರ. ಗಾಳಿ ಬರೂದರ ಸುದ್ದಿ ಅದು.”

“ಗಾಳಿ ಬಂದೈತೇನು?”

“ಇಲ್ರಿ, ಬರೂದೈತಿ.”

“ಇನ್ನೂ ಬರಲಾರದ್ದನ್ನ ಬರತೈತಿ ಅಂದ್ರ ಅದಕ್ಕ ಏನಂತಾರ?”

ಶಿದ್ರಾಮ ತಲೆ ಕೆರೆದುಕೊಂಡ. “ಹೆಸರರ ಬದಲಿ ಮಾಡ್ತೀವಿ ಬಿಡ್ರಿ.”

“ಆಗ ಅದು ಸುಳ್ಳು ಹೆಸರಿನ ಗಾಳಿಸುದ್ದಿ ಆಗತೈತಿ. ಶಿಕ್ಷಾ ದುಪ್ಪಟ್ಟು.”

ರಾವಸಾಹೇಬರು ದಯಾಳುಗಳು. ಸಂಘ ಮುಚ್ಚಿಸದೆ ನಿಯಮ ಮಾಡಿಕೊಟ್ಟರು. ಗಾಳಿ ಬಂದ ಮೇಲೆ, ಅದು ಬಂದದ್ದು ಖರೆ ಎಂದು ಪಂಚರು ಸಹಿ ಹಾಕಿದ ಮೇಲೆ, ಕಚೇರಿಯ ಮೊಹರು ಬಿದ್ದ ಮೇಲೆ, ಗಾಳಿ ಬರಲಿದೆಯೆಂದು ಸಾರತಕ್ಕದ್ದು. ನಿಯಮ ಕಾಯಲು ಸಂಘದ ಕಟ್ಟೆಯ ಮೇಲೆ ಒಬ್ಬ ಶಿಪಾಯಿಯನ್ನೂ ಕೂರಿಸಿದರು.

ಬೇಸಿಗೆಯ ಕೊನೆಗೆ ಅಡ್ಡಮಳೆಯ ದಿನಗಳು ಬಂದವು. ಹಣಮವ್ವ ಗೋಕಾಕದ ಹೊರಗೆ ಒಂದು ಹೊಲದಲ್ಲಿ ಕುರಿ ತರುಬಿ ಬಿಡಾರ ಹೂಡಿದ್ದಳು. ಗಂಡ ಕುರಿ ಮೇಯಿಸಲು ಹೋಗಿದ್ದ. ಎಳೆಯ ಮರಿಗಳು ಬಯಲಲ್ಲೇ ಬಲೆ ಕಟ್ಟಿದ ದೊಡ್ಡಿಯೊಳಗಿದ್ದವು. ಉಪ್ಪು ಒಯ್ಯಲು ಪೇಟೆಗೆ ಬಂದವಳನ್ನು ಶಿದ್ರಾಮ ಸಂಘದ ಬಾಗಿಲಲ್ಲಿ ತಡೆದ. ಹುಕ್ಕೇರಿಯಲ್ಲಿ ಆಣೆಕಲ್ಲು ಬೀಳುತ್ತಿದೆಯೆಂದು ಮುರಿಗೆಪ್ಪ ಆಗಷ್ಟೇ ಕುಟ್ಟಿದ್ದ.

“ಅಕ್ಕಾ, ಲಗೂನ ಮರಿ ಕಡೆ ಹೋಗಬೇ.”

“ಯಾಕೋ ತಮ್ಮಾ, ನಿನ್ನ ರೇಡಿಯೋ ಡಬ್ಬಿ ಏನರ ಅಂದೈತೇನು?”

ಶಿದ್ರಾಮ ಶಿಪಾಯಿಯ ಕಡೆ ನೋಡಿದ. “ಬಂದ ಮ್ಯಾಲ ಹೇಳ್ತೇನಿ.”

“ಬಂದ ಮ್ಯಾಲ ನನ್ನ ನೆತ್ತೀನ ಹೇಳತೈತಿ. ನೀ ಯಾಕ ಬೇಕೋ?”

ಹಣಮವ್ವ ನಕ್ಕು ಉಪ್ಪಿನ ಅಂಗಡಿಗೆ ಹೋದಳು. ಅವಳು ಹೊಲ ಮುಟ್ಟುವುದರೊಳಗೆ ಆಣೆಕಲ್ಲು ಬಿದ್ದು ನಿಂತಿತ್ತು. ಬಲೆಯೊಳಗಿಂದ ಒಂದು ಮರಿಯೂ ಎದ್ದು ಬರಲಿಲ್ಲ.

ರಾವಸಾಹೇಬರ ಮನೆಯ ಹಂಚುಗಳೂ ಒಡೆದವು. ಆದರೂ ಅವರು ಅವಸರ ಮಾಡಲಿಲ್ಲ. ಕಲ್ಲು ಕರಗಿಹೋಗಿರುವುದರಿಂದ ಸಾಕ್ಷಿ ಇಲ್ಲವೆಂದು ಪಂಚರು ತಕರಾರು ತೆಗೆದರು. ಕೊನೆಗೆ ಕಲ್ಲು ಬಡಿದು ಶಿಪಾಯಿಯ ತಲೆಯ ಮೇಲೆ ಎದ್ದ ಬುಗುಟನ್ನು ಮುದ್ದೇಮಾಲು ಎಂದು ಒಪ್ಪಿಕೊಂಡು ಸಹಿ ಹಾಕಿದರು. ಮರುದಿನ ಸುಡುಬಿಸಿಲಿನಲ್ಲಿ ಡಂಗುರ ಹೊರಟಿತು:

“ಕೇಳ್ರಪೋ ಕೇಳ್ರಿ. ನಿನ್ನಿ ಮಧ್ಯಾಹ್ನ ಆಣಿಕಲ್ಲು ಬೀಳೂ ಸಂಭವ ಐತಿ. ಎಲ್ಲಾರೂ ನಿನ್ನೇನ ಮರಿ ಒಳಗ ಕಟ್ಕೋಬೇಕು.”

ಹಣಮವ್ವ ಕಚೇರಿಗೆ ಹೋದಳು.

“ಡಂಗುರ ಕೇಳಿದೆಯೇನು?” ಎಂದರು ರಾವಸಾಹೇಬರು.

“ಕೇಳೇನ್ರಿ.”

“ಕೇಳಿ ಸೈತ ನಿನ್ನಿ ಮರಿ ಕಟ್ಟಲಿಲ್ಲ. ತಪ್ಪು ಯಾರದು?”

ಅವಳು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದ ಸತ್ತ ಮರಿಯನ್ನು ಮೇಜಿನ ಮೇಲಿಟ್ಟಳು. ಪರವಾನಿಗೆಯಿಲ್ಲದೆ ಸುದ್ದಿ ತಂದಳೆಂದು ಅವಳನ್ನು ಸಂಜೆಯವರೆಗೆ ಕೂಡಿಹಾಕಿದರು.

ಈಗ ಎಲ್ಲರಿಗೂ ಸಮಾಧಾನ. ಮೊದಲು ಸಂಘದ ಸುದ್ದಿ ಒಮ್ಮೊಮ್ಮೆ ಹುಸಿಹೋಗುತ್ತಿತ್ತು. ಈಗ ಒಂದೂ ಹುಸಿಯಿಲ್ಲ. ಊರ ಹಿರಿಯರು ಶಿದ್ರಾಮನಿಗೆ ಹಾರ ಹಾಕಿದರು, ಅವನೂ ಕೊರಳು ಬಗ್ಗಿಸಿದ, ನೆರೆದವರು ಚಪ್ಪಾಳೆ ತಟ್ಟಿದರು. ಇಂಥ ಖಾತ್ರಿ ಸುದ್ದಿ ತಮಗೂ ಬೇಕೆಂದು ಮೂಡಲಗಿಯವರು ಅರ್ಜಿ ಕೊಟ್ಟಿದ್ದಾರೆ. ಕುರಿಯವರು ಮಳೆ ನಿಂತ ಮೇಲೆ ಡಂಗುರ ಕಾಯುತ್ತಾರೆ. ಅದು ಮುಗಿದ ಮೇಲೆ ಗುಂಡಿ ತೋಡುತ್ತಾರೆ.

ಓದುವವರೇ, ಆ ದಿನ ಚಪ್ಪಾಳೆ ತಟ್ಟಿದವರಲ್ಲಿ ನೀವೂ ಇದ್ದಿರಿ. ಇನ್ನು ಪಡುವಣದಲ್ಲಿ ಮೋಡ ಕಪ್ಪಾದರೆ ಯಾರ ಮೊಹರಿಗೂ ಕಾಯಬೇಡಿ. ಮಾಳಿಗೆ ಹತ್ತಿ ಕೂಗಿರಿ, ಬಾಜೂ ಮನೆಯವರನ್ನೂ ಕೂಗಿಸಿರಿ. ಇಡೀ ಊರು ಹಿಡಿಸುವಂಥ ಜೇಲು ಹಿಂಡಲಗಾದಲ್ಲೂ ಇಲ್ಲ. ಕೊನೆಯ ಮರಿ ಒಳಗೆ ಸೇರುವವರೆಗೆ ಬಾಯಿ ಮುಚ್ಚಬೇಡಿ.