ಜಿರಳೆಗಳು ತಿದ್ದಿದ ಯುದ್ಧದ ಪಾಠ

ಪಠ್ಯಪುಸ್ತಕ ಪರಿಷ್ಕರಣಾ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ತಮಗೂ, ತಮ್ಮ ಕತ್ತರಿಗೂ, ಎಂದೂ ಬತ್ತದ ತಮ್ಮ ಅಂಟಿನ ಡಬ್ಬಿಗೂ ಶಾಲೆಯ ಎದುರು ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನನ್ನ ಅನಂತಾನಂತ ನಮಸ್ಕಾರಗಳು.

ಹೊಸ ಪುಸ್ತಕ ಅಚ್ಚು ಹಾಕಿಸುವ ದುಂದುಗಾರಿಕೆಗೆ ಹೋಗದೆ, ಇತಿಹಾಸ ಬದಲಾದಾಗಲೆಲ್ಲ ಶಾಲೆಗೆ ಚೀಟಿ ಕಳಿಸಿ ಮಕ್ಕಳ ಕೈಯಿಂದಲೇ ಹಳೆಯ ಸಾಲುಗಳ ಮೇಲೆ ಅಂಟಿಸುವ ತಮ್ಮ ಪದ್ಧತಿಯನ್ನು ಎಷ್ಟು ಹೊಗಳಿದರೂ ಸಾಲದು. ನನ್ನ ಮಗಳ ಪುಸ್ತಕದಲ್ಲಿ ಹೊಳೆದಂಡೆಯ ಯುದ್ಧದ ಪುಟ ಈಗ ಕೋಟಿನ ಕಾಲರಿನಷ್ಟು ದಪ್ಪವಾಗಿದೆ. ಮೊದಲ ಚೀಟಿಯಲ್ಲಿ ನಮ್ಮ ಸೈನ್ಯ ಹಿಂದೆ ಸರಿದಿತ್ತು. ಅದರ ಮೇಲಿನದರಲ್ಲಿ ಬೇಕೆಂದೇ ಹಿಂದೆ ಸರಿದಿತ್ತು. ಎಲ್ಲಕ್ಕಿಂತ ಮೇಲಿನದರಲ್ಲಿ ಗೆದ್ದು ಗೆದ್ದು ಬೇಸರವಾಗಿ ಮನೆಗೆ ಬಂದಿದೆ, ನಮ್ಮವರೊಬ್ಬರ ಕೂದಲೂ ಕೊಂಕಿಲ್ಲ. ಇಷ್ಟು ಚೆನ್ನಾಗಿ ತೇಪೆ ಹಾಕುವ ಕೈ ನನ್ನ ಅಂಗಡಿಯಲ್ಲಿ ಒಂದಿದ್ದರೆ ನಾನು ಇಷ್ಟರಲ್ಲಿ ಮಹಡಿ ಮನೆ ಕಟ್ಟಿಸಿರುತ್ತಿದ್ದೆ.

ತೊಂದರೆಯೆಂದರೆ, ಶಾಲೆಯವರು ಮೈದಾಹಿಟ್ಟು ಕುದಿಸಿ ಅಂಟು ಮಾಡಿದ್ದರು. ನಮ್ಮ ಮನೆಯ ಜಿರಳೆಗಳಿಗೆ ದೇಶಾಭಿಮಾನ ಕಡಿಮೆ, ಹಸಿವು ಜಾಸ್ತಿ. ಪರೀಕ್ಷೆಯ ಮುನ್ನಾದಿನ ನೋಡಿದರೆ ಅವು ಅಂಟನ್ನೆಲ್ಲ ತಿಂದು ತೇಗಿ ಚೀಟಿಗಳನ್ನು ಉದುರಿಸಿದ್ದವು. ಅಡಿಯಲ್ಲಿ ‘ಈ ಯುದ್ಧದಲ್ಲಿ ನಾವು ಸೋತೆವು’ ಎಂಬ ಹಳೆಯ ಸಾಲು ಹಲ್ಲು ಕಿರಿಯುತ್ತಿತ್ತು. ಮಗಳು ಅದನ್ನೇ ಓದಿಕೊಂಡು ಹೋಗಿ ಅದನ್ನೇ ಬರೆದಳು. ಶಾಲೆಯವರು ಸೊನ್ನೆ ಸುತ್ತಿದ್ದಲ್ಲದೆ, ತಾನು ಬರೆದದ್ದು ಸುಳ್ಳೆಂದು ಕ್ಷಮಾಪಣೆ ಬರೆದುಕೊಡದಿದ್ದರೆ ಮುಂದಿನ ತರಗತಿಗೆ ಹಾಕುವುದಿಲ್ಲವೆಂದು ಹೇಳಿದ್ದಾರೆ. ಜಿರಳೆಗಳಿಗೆ ಈವರೆಗೆ ಯಾವ ನೋಟಿಸೂ ಬಂದಿಲ್ಲ.

ಆ ಯುದ್ಧದಲ್ಲಿ ಸಿಪಾಯಿಯಾಗಿದ್ದ ನನ್ನ ಮಾವನವರಿಗೆ, ‘ನೀವು ಗೆದ್ದಿರಂತೆ’ ಎಂಬ ಶುಭವಾರ್ತೆ ಮುಟ್ಟಿಸಿದೆ. ಬೊಚ್ಚುಬಾಯಿ ತೆರೆದು ಕೆಮ್ಮು ಬರುವವರೆಗೂ ನಕ್ಕರು. “ಓಡಿ ಬಂದೆ ಕಣಮ್ಮ. ಓಡಿ ಬಂದಿದ್ದಕ್ಕೇ ನಿನ್ನ ಗಂಡ ಹುಟ್ಟಿದ್ದು,” ಎಂದರು. ಆಮೇಲೆ, ಜೊತೆಗೆ ಓಡಲಾರದೆ ಹೊಳೆಯಲ್ಲೇ ಉಳಿದ ಅಣ್ಣನ ಮಾತು ತೆಗೆದು, ಅರ್ಧಕ್ಕೇ ಬಿಟ್ಟರು.

ಆದ್ದರಿಂದ ತಮ್ಮಲ್ಲಿ ಎರಡೇ ಕೋರಿಕೆ. ಕಳೆದುಹೋದದ್ದನ್ನೂ ಬದಲಾಯಿಸುವ ಶಕ್ತಿ ತಮಗಿರುವುದರಿಂದ, ನಾನು ಗಿಡ್ಡವಾಗಿ ಕತ್ತರಿಸಿ ಕೆಡಿಸಿದ ಪೋಸ್ಟ್‌ಮ್ಯಾನರ ಪ್ಯಾಂಟಿಗೂ ‘ಪ್ಯಾಂಟು ಸರಿಯಾಗಿಯೇ ಇದೆ, ಗಿರಾಕಿಯೇ ಬೆಳೆದರು’ ಎಂಬ ಚೀಟಿಯೊಂದನ್ನು ದಯಪಾಲಿಸಬೇಕು. ಎರಡನೆಯದು, ನಮ್ಮವರೊಬ್ಬರ ಕೂದಲೂ ಕೊಂಕಿಲ್ಲವೆಂದು ತಾವೇ ಖಾತ್ರಿ ಕೊಟ್ಟಿರುವುದರಿಂದ, ಮಾವನವರ ಅಣ್ಣನನ್ನು ಮನೆಗೆ ಕಳಿಸಿಕೊಡಬೇಕು. ಇಷ್ಟು ವರ್ಷ ಎಲ್ಲಿದ್ದಿರೆಂದು ನಾವು ಯಾರೂ ಕೇಳುವುದಿಲ್ಲ. ಮಾವನವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದಾರೆ.

ತಮ್ಮ ವಿಶ್ವಾಸಿ,
ಶಾಲೆಯೆದುರಿನ ಹೊಲಿಗೆಯವಳು

ತಾ.ಕ.: ಮಗಳು ಕ್ಷಮಾಪಣೆ ಬರೆಯುವುದಿಲ್ಲವಂತೆ, ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರುತ್ತಾಳಂತೆ. ತಾವು ಇದನ್ನು ಅವಳ ಸೋಲೆಂದು ಧಾರಾಳವಾಗಿ ಅಚ್ಚು ಹಾಕಿಸಬಹುದು. ತಮ್ಮ ಪುಸ್ತಕದಲ್ಲಿ ಒಂದಾದರೂ ಸೋಲು ಇದ್ದಂತಾಗುತ್ತದೆ.