ಜಗಳೂರಿನಲ್ಲಿ ಬದುಕಿದವನು

ನಮ್ಮ ಸೋದರಮಾವನಿಗೆ ಸತ್ತವರನ್ನು ಬದುಕಿಸುವ ವಿದ್ಯೆ ಗೊತ್ತಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನಾನೂ ನಂಬಿರಲಿಲ್ಲ. ಚನ್ನಗಿರಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಹೊಲಿಗೆ ಮಿಷನ್ನು, ಒಂದು ಕತ್ತರಿ, ಕೊರಳಲ್ಲಿ ನೇತಾಡುವ ಒಂದು ಟೇಪು, ಇಷ್ಟೇ ಆಸ್ತಿ ಇದ್ದ ಮನುಷ್ಯ ಅಂಥ ವಿದ್ಯೆಯನ್ನು ಎಲ್ಲಿಂದ ಕಲಿತಾರು? ಆದರೂ ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಸತ್ತದ್ದನ್ನು ಊರೂರಿನ ಜನ ಕಣ್ಣಾರೆ ಕಂಡಿದ್ದ ಒಬ್ಬನನ್ನು ಅವರು ಬರೀ ಬಾಯಿಂದಲೇ ಎಬ್ಬಿಸಿ ಕೂರಿಸಿದರು!

ಸತ್ತವನು ನಮ್ಮ ನೆಂಟನಲ್ಲ. ಸಿನಿಮಾದವನು. ಮುಖಕ್ಕೆ ಕರಿಬಟ್ಟೆ ಕಟ್ಟಿಕೊಂಡು, ಕರಿಗುದುರೆ ಹತ್ತಿ, ದುಷ್ಟ ಪಾಳೆಯಗಾರರ ಹುಟ್ಟಡಗಿಸುತ್ತಿದ್ದ ಒಬ್ಬ ವೀರ. ಆಗ ಅವನ ಮೇಲೆ ಮೂರು ಸಿನಿಮಾ ಬಂದಿದ್ದವು. ಅವುಗಳ ಹೆಸರು ನಮ್ಮ ಕಡೆ ಯಾರಿಗೂ ಬೇಕಿರಲಿಲ್ಲ. ಒಂದನೇ ಕುದುರೆ, ಎರಡನೇ ಕುದುರೆ, ಮೂರನೇ ಕುದುರೆ ಎಂದರೆ ಹಾಲು ಕುಡಿಯುವ ಮಕ್ಕಳಿಗೂ ತಿಳಿಯುತ್ತಿತ್ತು. ಮೂರರಲ್ಲೂ ಕೊನೆಗೆ ಅವನು ಬಾಣ ತಿನ್ನುತ್ತಿದ್ದ, ಇಲ್ಲವೇ ಪ್ರಪಾತಕ್ಕೆ ಬೀಳುತ್ತಿದ್ದ. ಅವನ ಕಥೆ ಮುಗಿಯಿತು ಎಂದು ಹೆಂಗಸರೆಲ್ಲ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಮನೆ ಬಾಗಿಲಿಗೆ ಬಂದು ನಿಂತು, ತಾಯಿಯನ್ನು ಕರೆದು ಊಟಕ್ಕೆ ಹಾಕೆನ್ನುತ್ತಿದ್ದ. ಅಲ್ಲಿಗೆ ಶುಭಂ. ಇಡೀ ಸಿನಿಮಾ ಟೆಂಟು ಶಿಳ್ಳೆ ಹೊಡೆಯುತ್ತಿತ್ತು.

ಮಾವನ ಕುದುರೆ ಹುಚ್ಚು ಎಂಥದ್ದು ಎಂದು ಒಂದು ಉದಾಹರಣೆ ಹೇಳುತ್ತೇನೆ. ಎರಡನೇ ಕುದುರೆ ಬಂದಾಗ ಆ ವೀರನ ಅಂಗಿಗೆ ಮೊಣಕೈತನಕ ಉಬ್ಬಿದ ತೋಳು, ಮಣಿಕಟ್ಟಿನಲ್ಲಿ ಮೂರು ಗುಂಡಿಯ ಅಗಲ ಕಫು ಇತ್ತಂತೆ. ಮಾರನೆಯ ದಿನದಿಂದ ಮಾವನ ಅಂಗಡಿಗೆ ಬಟ್ಟೆ ಕೊಟ್ಟವರಿಗೆಲ್ಲ, ಕೇಳಲಿ ಬಿಡಲಿ, ಅದೇ ತೋಳು! ನಮ್ಮ ಶಾಲೆಯ ಹೆಡ್‌ಮಾಸ್ತರರು ಇನ್‌ಸ್ಪೆಕ್ಷನ್ನಿಗೆಂದು ಹೊಲಿಸಿದ ಬಿಳಿ ಅಂಗಿ ಕೂಡ ಹಾಗೇ ತಯಾರಾಯಿತು. ಬೇರೆ ಅಂಗಿಗೆ ಸಮಯವಿರಲಿಲ್ಲ. ಪಾಪ, ಎರಡು ತೋಳಿನಲ್ಲೂ ಗಾಳಿ ತುಂಬಿಕೊಂಡು ಇನ್‌ಸ್ಪೆಕ್ಟರರ ಮುಂದೆ ನಿಂತರು. ಇನ್‌ಸ್ಪೆಕ್ಟರರು ಶಾಲೆಯ ವಿಷಯ ಒಂದನ್ನೂ ಕೇಳಲಿಲ್ಲ. ಹೋಗುವಾಗ ಟೈಲರಂಗಡಿಯ ದಾರಿ ಕೇಳಿಕೊಂಡು ಹೋದರು.

ಮಾವ ಸಿನಿಮಾಕ್ಕೆ ಹೋಗುತ್ತಿದ್ದದ್ದು ಅತ್ತೆಯ ಜೊತೆಗೇ. ಜೊತೆ ಎಂದರೆ ಟೆಂಟಿನ ಬಾಗಿಲ ತನಕ. ಒಳಗೆ ಗಂಡಸರ ಕಡೆ ಬೇರೆ, ಹೆಂಗಸರ ಕಡೆ ಬೇರೆ, ನಡುವೆ ಎದೆಮಟ್ಟದ ಒಂದು ತಟ್ಟಿ. ಆಟ ಶುರುವಾಯಿತೆಂದರೆ ಮಾವ ಪರದೆಗೇ ಬುದ್ಧಿ ಹೇಳುತ್ತಿದ್ದರು: 'ಲೇ, ಎಡಗಡೆ ನೋಡೋ, ಬಂಡೆ ಹಿಂದೆ ಅವ್ನೆ.' ಆಗ ಹೆಂಗಸರ ಕಡೆಯಿಂದ ಒಂದು ಕೆಮ್ಮು ಬರುತ್ತಿತ್ತು. ಅದು ಅತ್ತೆಯದು. ಒಂದು ಸಲ ಕೆಮ್ಮಿದರೆ ಬಾಯಿ ಮುಚ್ಚಬೇಕು, ಎರಡು ಸಲ ಕೆಮ್ಮಿದರೆ ಎದ್ದು ಮನೆಗೆ ಹೊರಡಬೇಕು. ಇಪ್ಪತ್ತು ವರ್ಷದ ಸಂಸಾರದಲ್ಲಿ ಎರಡನೆಯ ಕೆಮ್ಮು ಬಂದದ್ದು ಒಂದೇ ಸಲವಂತೆ. ಅದು ಯಾವಾಗ, ಯಾಕೆ ಎಂದು ಇಬ್ಬರೂ ನನಗೆ ಹೇಳಲಿಲ್ಲ.

ಇನ್ನು ನನ್ನ ವಿಷಯ. ನಮ್ಮೂರು ನ್ಯಾಮತಿ. ಚನ್ನಗಿರಿಯ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿದಾಗ ಮಾವನ ಮನೆಯಲ್ಲೇ ಉಳಿದೆ. ಶನಿವಾರ ಊರಿಗೆ ಹೋಗಿ ಭಾನುವಾರ ಸಂಜೆ ವಾಪಸ್ಸು. ಮನೆಯ ಮುಂದಿನ ಭಾಗ ಅಂಗಡಿ, ಅದರ ಹಿಂದೆ ಒಂದು ಹಲಗೆಯ ಗೋಡೆ, ಆ ಗೋಡೆಗೆ ತಾಗಿ ಒಳಗೆ ಒಂದು ಮಂಚ. ಗೋಡೆ ಎಷ್ಟು ತೆಳುವೆಂದರೆ, ಮಿಷನ್ನಿಗೆ ಹತ್ತಿಬಟ್ಟೆ ಕೊಟ್ಟಿದ್ದಾರೋ ಟೆರಿಲಿನ್ನೋ ಎಂದು ಅತ್ತೆ ಒಳಗಿನಿಂದ ಸದ್ದಿನಲ್ಲೇ ಹೇಳುತ್ತಿದ್ದರು.

ನಾಲ್ಕನೇ ಕುದುರೆ ಬಂದ ಬೇಸಿಗೆಯಲ್ಲಿ ಅತ್ತೆ ಆ ಮಂಚದಿಂದ ಏಳುವ ಹಾಗಿರಲಿಲ್ಲ. ಹೊಟ್ಟೆಯಲ್ಲಿ ಏನೋ ಗಡ್ಡೆ ಎಂದಿದ್ದರು ದಾವಣಗೆರೆಯ ಡಾಕ್ಟರು. ಸ್ವಲ್ಪ ತಿಂದುಂಡು ಮೈ ಹಿಡಿಯಲಿ, ಆಮೇಲೆ ಆಪರೇಷನ್ ಎಂದು ಕಳಿಸಿದ್ದರು. ಅತ್ತೆಗೆ ಮೈ ಹಿಡಿಯುವ ಲಕ್ಷಣವೇ ಇರಲಿಲ್ಲ. ಗಂಜಿಯ ಬಟ್ಟಲು ಹೋದ ಹಾಗೇ ವಾಪಸ್ಸು ಬರುತ್ತಿತ್ತು. ನನಗೆ ಭಯವಾಗುತ್ತಿತ್ತು, ಹೇಳಿಕೊಳ್ಳಲು ಧೈರ್ಯವಿರಲಿಲ್ಲ.

ಸಿನಿಮಾ ರೀಲಿನ ಪೆಟ್ಟಿಗೆ ಶಿವಮೊಗ್ಗೆಯಿಂದ ಹೊರಟು ಮೊದಲು ನ್ಯಾಮತಿಗೆ, ಅಲ್ಲಿಂದ ಹೊನ್ನಾಳಿಗೆ, ಆಮೇಲೆ ಚನ್ನಗಿರಿಗೆ ಬರುತ್ತಿತ್ತು. ಹಾಗಾಗಿ ನಾನು ನ್ಯಾಮತಿಯಲ್ಲೇ ಮುಂಚೆ ನೋಡಿಬಿಟ್ಟೆ. ಕಥೆ ಹೇಳಲು ಬಾಯಿ ತೆರೆದರೆ ಮಾವ ಎರಡೂ ಕಿವಿಗೆ ಬೆರಳಿಟ್ಟುಕೊಂಡರು. ಅತ್ತೆಯೂ ಮಲಗಿದ್ದಲ್ಲಿಂದಲೇ, 'ಬ್ಯಾಡ ಕಣವ್ವ, ನಿಮ್ಮ ಮಾವ ನೋಡ್ಕಂಡು ಬಂದು ಹೇಳ್ಲಿ. ಕುದುರೆ ಕೆನೆಯೋದನ್ನ ಅವರಂಗೆ ಮಾಡಾಕೆ ನಿನಗೆ ಬರಲ್ಲ' ಎಂದರು. ಮುಂದಿನ ಶನಿವಾರ ನಾನು ಊರಿಗೆ ಹೋಗಿದ್ದಾಗ ಮಾವ ಒಬ್ಬರೇ ಟೆಂಟಿಗೆ ಹೋದರು. ಅವರ ಪಕ್ಕ ಕೂತಿದ್ದವರು ಆಮೇಲೆ ಆಶ್ಚರ್ಯದಿಂದ ಹೇಳಿದರು, ಟೈಲರು ಆವತ್ತು ಮೂರು ತಾಸು ತುಟಿ ಬಿಚ್ಚಲಿಲ್ಲವಂತೆ. ತಟ್ಟಿಯ ಆಚೆಯಿಂದ ಕೆಮ್ಮುವವರೂ ಇರಲಿಲ್ಲ.

ಸೋಮವಾರದಿಂದ ಅಂಗಡಿಯಲ್ಲಿ ಯುದ್ಧ ಶುರುವಾಯಿತು. ಯಾಕೆಂದರೆ ನಾಲ್ಕನೆಯದು ಊರನ್ನೇ ಎರಡು ಹೋಳು ಮಾಡಿತ್ತು. ಅದರಲ್ಲಿ ಕರಿಗುದುರೆಯೇ ಇಲ್ಲ, ಕಂದು ಕುದುರೆ! ವೀರನಿಗೆ ಮದುವೆಯಾಗಿ, ಇಂಟರ್‌ವಲ್ಲಿನ ತನಕ ಕತ್ತಿಯನ್ನೇ ಮುಟ್ಟದೆ ಮಗುವಿನ ತೊಟ್ಟಿಲು ತೂಗುತ್ತಾನೆ. ಕೊನೆಗೆ ಏಳು ಬಾಣ ತಿಂದು ಸತ್ತೇ ಹೋಗುತ್ತಾನೆ. ಊಟವೂ ಇಲ್ಲ, ತಾಯಿಯೂ ಇಲ್ಲ. ಎದುರು ಸಾಲಿನ ಸೈಕಲ್ ಶಾಪಿನವರು ವಿರೋಧ ಪಕ್ಷದ ಮುಖಂಡರು. ಮಾವನ ಬಾಲ್ಯದ ಗೆಳೆಯರು ಬೇರೆ.

'ಅದೊಂದು ಸಿನಿಮಾನಾ? ತೊಟ್ಟಿಲು ತೂಗೋದು ನೋಡಾಕೆ ಟೆಂಟಿಗೆ ಯಾಕೆ ಹೋಗ್ಬೇಕು, ನಮ್ಮನೇಲೇ ಐತೆ' ಎಂದರು ಅವರು.

'ಈಗ ನೋಡ್ರಿ ಅವನು ಮನುಷ್ಯ ಅನ್ನಿಸ್ಕಂಡಿದ್ದು. ಸಾಯೋವಾಗ ನಾನಂತೂ ಅತ್ತುಬಿಟ್ಟೆ' ಎಂದರು ಇನ್ನೊಂದು ಪಕ್ಷದ ನಮ್ಮ ಹೆಡ್‌ಮಾಸ್ತರರು.

ಮಾವ ಮಿಷನ್ನು ನಿಲ್ಲಿಸಿ ತಲೆಯೆತ್ತಿದರು. 'ಸತ್ತ ಅಂತ ಯಾರು ಹೇಳಿದ್ದು?'

ಹೆಡ್‌ಮಾಸ್ತರರು, 'ನೀವೇ ನೋಡಿದ್ರಲ್ರೀ, ಏಳು ಬಾಣ' ಎಂದರು.

'ಬಾಣ ಬಿದ್ದಾವೆ, ಇಲ್ಲ ಅನ್ನಲ್ಲ. ಆದ್ರೆ ಬೀಳೋವಾಗ ಅವನ ಎಡಗೈ ಕಫಿನ ಗುಂಡಿ ಬಿಚ್ಚಿತ್ತು. ನೆಲದ ಮ್ಯಾಲೆ ಮಲಗಿದಾಗ ಹಾಕೈತೆ. ಸತ್ತವನು ಗುಂಡಿ ಹಾಕ್ಕಂತಾನೇನ್ರಿ? ನಡುವೆ ಎದ್ದು ಕೂತಿದ್ದಾನೆ. ಅದನ್ನ ಕತ್ತರಿಸ್ಯಾರೆ. ನಾನು ಟೈಲರ್ ರೀ, ಎಲ್ಲಿ ಕತ್ತರಿ ಬಿದ್ದೈತೆ ಅಂತ ನನಗೆ ಗೊತ್ತಾಗಲ್ವಾ?'

ಇದನ್ನು ಸುಮ್ಮನೆ ತಳ್ಳಿಹಾಕುವಂತೆಯೂ ಇರಲಿಲ್ಲ. ಟೆಂಟಿನಲ್ಲಿ ರೀಲು ತುಂಡಾದರೆ ಆಪರೇಟರ್ ಸುಟ್ಟ ಚೂರನ್ನು ಕತ್ತರಿಸಿ ಎಸೆದು ಎರಡು ತುದಿ ಅಂಟಿಸುತ್ತಿದ್ದ. ಊರೂರು ಸುತ್ತಿ ಬರುವಷ್ಟರಲ್ಲಿ ಎಷ್ಟೋ ಹಾಡುಗಳ ಚರಣ ಹಾರಿಹೋಗಿರುತ್ತಿತ್ತು. ಆದರೆ ಒಂದು ಜೀವವೇ ಹಾರಿಹೋಗುವುದುಂಟೇ? ಅದುವರೆಗೆ ಕಚ್ಚಾಡುತ್ತಿದ್ದ ಎರಡು ಪಕ್ಷದವರೂ ಒಂದಾಗಿ ಮಾವನ ಮೇಲೆ ಬಿದ್ದರು. ಹೊನ್ನಾಳಿಯಿಂದ ಮದುವೆ ಬಟ್ಟೆ ಹೊಲಿಸಲು ಬಂದವರನ್ನು ಹಿಡಿದು ಕೇಳಿದರು. ಅವರೂ ಸತ್ತ ಎಂದರು. 'ಹೊನ್ನಾಳಿ ಆಪರೇಟರಿಗೆ ಕತ್ತರಿ ಅಂದ್ರೆ ಪಂಚಪ್ರಾಣ' ಎಂದರು ಮಾವ. ನಾನೂ ಬಾಯಿ ಹಾಕಿ, 'ನ್ಯಾಮತೀಲೂ ಸತ್ತ ಮಾವ' ಎಂದೆ. ಮಾವ ನನ್ನನ್ನು ನೋಡಿದ ನೋಟಕ್ಕೆ ನಾನು ಎರಡು ದಿನ ಮನೆಯಲ್ಲಿ ಪಿಸುಗುಟ್ಟಿಕೊಂಡೇ ಓಡಾಡಿದೆ.

'ಕುದುರೆ ಅವನ ಪಕ್ಕ ನಿಂತು ಕಣ್ಣೀರು ಹಾಕ್ತಲ್ಲೋ' ಎಂದರೆ, 'ಸಂತೋಷಕ್ಕೆ' ಎನ್ನುತ್ತಿದ್ದರು. 'ಹೆಂಡ್ತಿ ಬಳೆ ಒಡಕಂಡ್ಳಲ್ಲೋ' ಎಂದರೆ, 'ಅವಸರದಾಗೆ ಓಡಿಬರೋವಾಗ ಬಾಗಿಲಿಗೆ ತಾಗಿತು' ಎನ್ನುತ್ತಿದ್ದರು. ಅದೂ ಎಂಥ ಗಂಟಲಲ್ಲಿ! ಬಸ್‌ಸ್ಟ್ಯಾಂಡಿನಲ್ಲಿ ಸಂತೇಬೆನ್ನೂರಿನ ಬಸ್ಸಿಗೆ ಕಾಯುವವರೂ ಬಂದು ಇಣುಕುತ್ತಿದ್ದರು. ಊರಿಗೆಲ್ಲ ತಲೆನೋವು ಬರಿಸುವ ಈ ಮನುಷ್ಯನಿಗೆ ಒಳಗೆ ಹೆಂಡತಿ ನರಳುತ್ತಿರುವ ಪರಿವೆಯಾದರೂ ಬೇಡವೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ, 'ಮಾವ, ಸ್ವಲ್ಪ ಮೆಲ್ಲಗೆ ಮಾತಾಡಿ, ಅತ್ತೆ ಮಲಗಿದ್ದಾರೆ' ಎಂದೆ. 'ನೀನು ಸುಮ್ಕಿರವ್ವ' ಎಂದು ಇನ್ನೂ ಎತ್ತರದ ದನಿಯಲ್ಲಿ, 'ಬದುಕಿದಾನೆ!' ಎಂದು ಸಾರಿದರು.

ಕೊನೆಗೆ ಸೈಕಲ್ ಶಾಪಿನವರೇ ಮಾವನನ್ನು ಮೂಲೆಗೆ ಒತ್ತಿದರು. 'ಕತ್ತರಿಸದೆ ಇರೋ ರೀಲು ಎಲ್ಲಾದ್ರೂ ಇರಬೇಕಲ್ಲ, ತೋರಿಸು.'

ಮಾವ ಕೊರಳಿನ ಟೇಪನ್ನು ಬೆರಳಿಗೆ ಸುತ್ತಿಕೊಂಡರು. 'ಜಗಳೂರಾಗೈತೆ' ಎಂದರು.

ಜಗಳೂರು ಯಾಕೆಂದರೆ, ಆ ಊರಿಗೆ ಪೆಟ್ಟಿಗೆ ಚಿತ್ರದುರ್ಗದ ಕಡೆಯಿಂದ ಬರುತ್ತಿತ್ತು. ಬೇರೆಯೇ ರೀಲು. ಅಲ್ಲಿಗೆ ಹೋಗಿ ನೋಡಿ ಬರುವವರು ಯಾರು ಎಂಬ ಧೈರ್ಯದಿಂದಲೇ ಮಾವ ಆ ಹೆಸರು ಹೇಳಿದ್ದರು ಎಂದು ಈಗ ನನಗೆ ಅನ್ನಿಸುತ್ತದೆ. ಆದರೆ ಸೈಕಲ್ ಶಾಪಿನವರು ಆವತ್ತೇ ಬಾಗಿಲು ಹಾಕಿ, 'ನಡಿ ಹೋಗಾಣ' ಎಂದು ಮಾವನ ಕೈ ಹಿಡಿದರು. ಪಂದ್ಯವೂ ಆಯಿತು: ಮಾವ ಸೋತರೆ ತಪ್ಪೊಪ್ಪಿಗೆಯನ್ನು ಅಂಗಡಿ ಮುಂದೆ ನಿಂತು ಹೇಳಬೇಕು, ಅವರು ಸೋತರೆ ಅವರು ಹೇಳಬೇಕು. ಮಧ್ಯಾಹ್ನದ ಬಸ್ಸಿಗೆ ದಾವಣಗೆರೆ, ಅಲ್ಲಿಂದ ಇನ್ನೊಂದು ಬಸ್ಸಿಗೆ ಜಗಳೂರು, ರಾತ್ರಿಯ ಆಟ. ಸತ್ತನೋ ಇಲ್ಲವೋ ಎಂದು ತಿಳಿಯಲು ಸ್ವಂತ ನೆಂಟರ ಮನೆಗೂ ಯಾರೂ ಅಷ್ಟು ದೂರ ಅಷ್ಟು ಅವಸರದಿಂದ ಹೋಗುವುದಿಲ್ಲ.

ಮಾರನೆಯ ದಿನ ಮಧ್ಯಾಹ್ನ ಇಬ್ಬರೂ ಬಂದಿಳಿದಾಗ ಅಂಗಡಿಯ ಮುಂದೆ ಎರಡು ಪಕ್ಷವೂ ನೆರೆದಿತ್ತು. ಮಾವ ಯಾರ ಮುಖವನ್ನೂ ನೋಡದೆ ಹೋಗಿ ಮಿಷನ್ನಿನ ಮುಂದೆ ಕೂತರು. ಸೂಜಿಗೆ ದಾರ ಪೋಣಿಸಲು ನೋಡಿದರು, ಆಗಲಿಲ್ಲ. ತೀರಿತು, ಇನ್ನು ಮಾವ ಚನ್ನಗಿರಿಯಲ್ಲಿ ತಲೆಯೆತ್ತಿ ತಿರುಗುವಂತಿಲ್ಲ ಎಂದುಕೊಂಡೆ.

ಸೈಕಲ್ ಶಾಪಿನವರು ಮೆಟ್ಟಿಲ ಮೇಲೆ ನಿಂತರು. ನಮ್ಮ ಕಡೆಗಲ್ಲ, ಆ ಹಲಗೆ ಗೋಡೆಯ ಕಡೆಗೆ ಮುಖ ಮಾಡಿ, ಗಟ್ಟಿಯಾಗಿ ಹೇಳಿದರು:

'ನಾನು ಸೋತೆ ಕಣ್ರಪ್ಪ. ಜಗಳೂರಾಗೆ ಬದುಕಿದಾನೆ. ಏಳು ಬಾಣಾನೂ ಒಂದೊಂದೇ ಕಿತ್ತು ಬಿಸಾಕಿ, ಗುಂಡಿ ಹಾಕ್ಕಂಡು, ಮನೆಗೆ ಬಂದು ಊಟ ಕೇಳಿದ. ಎರಡು ರೊಟ್ಟಿ ತಿಂದು, ಅನ್ನ ಹಾಕಿಸ್ಕಂಡು, ಮಜ್ಜಿಗೆ ಕುಡಿದ. ನನ್ನ ಕಣ್ಣಾರೆ ನೋಡ್ದೆ.'

ಒಳಗಿನಿಂದ ಸದ್ದು ಬಂತು. ಎಷ್ಟೋ ದಿನದ ಮೇಲೆ ಅತ್ತೆ ನಗುತ್ತಿದ್ದರು.

ಜನ ಬಾಯಿ ಬಿಟ್ಟುಕೊಂಡು ಚದುರಿದರು. ನನಗೆ ಮಾತ್ರ ಆ ಮಜ್ಜಿಗೆ ಗಂಟಲಲ್ಲಿ ಇಳಿಯಲಿಲ್ಲ. ಸೈಕಲ್ ಶಾಪಿನ ತನಕ ಹಿಂಬಾಲಿಸಿ ಹೋಗಿ, 'ನಿಜವಾಗಲೂ ಬದುಕಿದನಾ?' ಎಂದು ಕೇಳಿದೆ.

ಅವರು ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. 'ಎಲ್ಲಿ ಬದುಕ್ತಾನೆ ಟೀಚರೇ. ಅಲ್ಲೂ ಹಂಗೇ ಸತ್ತ. ಬರೋವಾಗ ಬಸ್ಸಲ್ಲಿ ನಿಮ್ಮ ಮಾವ ಮಗೀನಂಗೆ ಅತ್ತ. ಇಲ್ಲಿ ಆಟ ನೋಡ್ಕಂಡು ಬಂದ ದಿನ ನಿಮ್ಮತ್ತೆ ಅಕ್ಕಾರು, ಮನೆಗೆ ಬಂದನಾ, ಊಟ ಕೇಳಿದನಾ ಅಂದ್ರಂತೆ. ಮುಂದೆ ಆಪರೇಷನ್ ಇಟ್ಕಂಡು ಸತ್ತ ಅನ್ನಾಕೆ ಬಾಯಿ ಬರಲಿಲ್ಲ, ಬಂದ ಅಂದುಬಿಟ್ಟನಂತೆ. ಆವತ್ತು ಅಕ್ಕಾರು ಒಂದು ಬಟ್ಲು ಗಂಜಿ ಪೂರ್ತಿ ಕುಡಿದ್ರಂತೆ. ಆಮೇಲೆ ನಾವು ಮುಂಡೇವು ಬಂದು ದಿನಾ ಗೋಡೆ ಪಕ್ಕ ನಿಂತ್ಕಂಡು ಸತ್ತ, ಸತ್ತ ಅಂತ ಕೂಗಿದ್ವಲ್ಲ, ಅವನು ಏನು ಮಾಡ್ಬೇಕು?'

ಇಷ್ಟು ದಿನ ಮಾವನನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆನೋ ಲೆಕ್ಕವಿಲ್ಲ. ಆವತ್ತು ಸಂಜೆಯೊಳಗೆ ಸೈಕಲ್ ಶಾಪಿನವರು ಮನೆಮನೆಗೆ ಹೋಗಿ ಏನು ಹೇಳಿದರೋ, ಮರುದಿನದಿಂದ ಅತ್ತೆಯನ್ನು ನೋಡಲು ಎಳನೀರು ಹಿಡಿದು ಬಂದವರೆಲ್ಲ ತಾವಾಗಿಯೇ, 'ಬದುಕಿದಾನಂತೆ ನೋಡ್ರಿ, ಜಗಳೂರಾಗೆ' ಎನ್ನತೊಡಗಿದರು. ನಮ್ಮ ಹೆಡ್‌ಮಾಸ್ತರರು ಬಂದು, ತಾವು ಅತ್ತದ್ದು ಕಣ್ಣಿಗೆ ಧೂಳು ಬಿದ್ದು ಎಂದು ಹೇಳಿ ಹೋದರು. ಮುಂದಿನ ವಾರ ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಡಾಕ್ಟರು ಬಾಗಿಲು ತೆರೆದು ಹೊರಗೆ ಬಂದು ನಗುತ್ತಾ ತಲೆಯಾಡಿಸಿದಾಗ, ಮಾವ ಅವರ ಕೈ ಹಿಡಿದು, 'ಊಟ ಕೇಳಿದಳಾ?' ಎಂದರು.

ಎರಡು ವರ್ಷದ ಮೇಲೆ ಐದನೇ ಕುದುರೆ ಬಂತು. ಸತ್ತವನ ಮೇಲೆ ಇನ್ನೇನು ಸಿನಿಮಾ ತೆಗೆಯುತ್ತಾರೆ ಎಂದು ನೋಡಿದರೆ, ಮೊದಲ ದೃಶ್ಯದಲ್ಲೇ ಅವನು ಬಾಣ ಕಿತ್ತೆಸೆದು ಎದ್ದು ಕೂತ! ಸಿನಿಮಾದವರಿಗೆ ನಾಚಿಕೆಯಿಲ್ಲ ಬಿಡಿ. ಗಂಡಸರ ಕಡೆಯಲ್ಲಿ ಮಾವ ಬೆಂಚಿನ ಮೇಲೆ ಹತ್ತಿ ನಿಂತು, 'ನಾನು ಹೇಳಿರಲಿಲ್ವೇನ್ರೋ' ಎಂದು ಕೂಗಿದರು. ನನ್ನ ಪಕ್ಕದಲ್ಲಿ ಕೂತಿದ್ದ ಅತ್ತೆ ಒಂದು ಸಲ ಕೆಮ್ಮಿದರು. ಮಾವ ಇಳಿದು ಕೂತರು.

ಆಗ ನಾನು ತಡೆಯಲಾರದೆ, 'ಅತ್ತೆ, ನಾಲ್ಕನೇದರಲ್ಲಿ ಅವನು...' ಎಂದು ತೊದಲಿದೆ.

'ಸತ್ತಿದ್ದ. ಗೊತ್ತು ಬಿಡವ್ವ' ಎಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ. 'ಮೊಸರು ತರೋಳು ಹೊನ್ನಾಳೀಲಿ ನೋಡ್ಕಂಡು ಬಂದು ಮೊದಲೇ ಹೇಳಿದ್ಳು. ನಿಮ್ಮ ಮಾವ ಏನು ಹೇಳ್ತಾರೆ ನೋಡಾಣ ಅಂತ ಕೇಳ್ದೆ. ಬಂದ, ಊಟ ಮಾಡ್ದ ಅಂದ್ರು. ಆಮೇಲೆ ದಿನಾ ಗೋಡೆ ಆಚೆ ಒಬ್ರೇ ನಿಂತು ಊರಿಗೆಲ್ಲ ಜವಾಬು ಕೊಡ್ತಿದ್ರಲ್ಲ, ಕೇಳ್ತಾ ಮಲಗಿರ್ತಿದ್ದೆ. ಕಡೆಗೆ ಆ ಸೈಕಲ್ಲಣ್ಣಾನೂ ಬಂದು ಸುಳ್ಳು ಹೇಳಿದ. ಊರಿಗೆ ಊರೇ ಸೇರಿ ಅವನನ್ನ ಬದುಕಿಸಿದ ಮ್ಯಾಲೆ ನಾನೊಬ್ಬಳು ಸಾಯಾಕೆ ನಾಚಿಕೆ ಆತು ಕಣವ್ವ.'

ತಟ್ಟಿಯ ಆಚೆ ಮಾವ ಆಗಲೇ ಕುದುರೆಗೆ ದಾರಿ ತೋರಿಸುತ್ತಿದ್ದರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆವತ್ತು ಮತ್ತೆ ಕೆಮ್ಮಲಿಲ್ಲ.